ಹೀಟರ್ ಇಲ್ಲದ ತೊಟ್ಟಿಗೆ ಮೀನು

ಇವತ್ತು ಮಾಡಿದ ಕೆಲಸಗಳು ಇವು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ಕೊಡಪಾನದಲ್ಲಿದ್ದ ನಿನ್ನೆಯ ನೀರು ಚೆಲ್ಲಿ, ತೊಳೆದು, ಹೊಸ ನೀರು ತುಂಬಿದೆ. ಚಳಿಗೆ ಹೆಪ್ಪಾಗದೆ ಕೂತಿದ್ದ ಮೊಸರಿನ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸಿದೆ. ನಮ್ಮನೆಯವರ ಬಿಪಿ ಮಾತ್ರೆ ತಟ್ಟೆಯ ಹತ್ತಿರ ಇಟ್ಟೆ. ಎರಡು ಹೊತ್ತಿಗಾಗುವಷ್ಟು ಸಾರು ಮಾಡಿ ಫ್ರಿಜ್ಜಿನಲ್ಲಿಟ್ಟು, ಬಿಸಿ ಮಾಡಿಕೊಳ್ಳುವುದು ಹೇಗೆ ಎಂದು ಮತ್ತೊಮ್ಮೆ ಹೇಳಿದೆ. ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದೆ. ಮೆಷಿನ್ನಿನ ಬಟ್ಟೆ ಒಣಹಾಕಿದೆ. ಗ್ಯಾಸ್ ಬುಕ್ ಮಾಡಿದೆ. ಕೋಟೆ ರಸ್ತೆಯ ಹತ್ತಿರದ ಅಂಗಡಿಯಿಂದ ಆರು ಮೀನು ಕೊಂಡೆ. ಅಕ್ಕನನ್ನು ಭದ್ರಾವತಿಗೆ, ಅವಳ ಮನೆಗೆ ಕರೆದುಕೊಂಡು ಬಂದೆ.

ಈ ಕೊನೆಯ ಎರಡು ಕೆಲಸ ಒಂದಕ್ಕೊಂದು ಅಂಟಿಕೊಂಡಿದ್ದವು. ಮೀನು ಇಲ್ಲದೆ ಅಕ್ಕ ಬರುವವಳಲ್ಲ.

ಭಾವ ಹೋದದ್ದು ಮಳೆಗಾಲ ಮುಗಿಯುತ್ತಿದ್ದಾಗ. ಮಧ್ಯಾಹ್ನ ಊಟ ಮಾಡಿ ಹಾಲಿನ ದಿವಾನದ ಮೇಲೆ ಮಲಗಿದವರು ಏಳಲಿಲ್ಲ. ದಿನವೂ ನಾಲ್ಕು ಗಂಟೆಗೆ ಅಕ್ಕ ಅವರನ್ನು ಕಾಫಿಗೆ ಎಬ್ಬಿಸುತ್ತಿದ್ದಳು. ಅವತ್ತು ಮಾತ್ರ, ರಾತ್ರಿಯೆಲ್ಲ ಕೆಮ್ಮಿದ್ದಾರೆ, ಇನ್ನೊಂದಿಷ್ಟು ಮಲಗಲಿ ಎಂದು ಬಿಟ್ಟಳು. ಎಬ್ಬಿಸಲು ಹೋದಾಗ ದೀಪ ಹಚ್ಚುವ ಹೊತ್ತು. ನಿದ್ದೆಯಲ್ಲೇ ಹೋಗಿದ್ದಾರೆ, ನಾಲ್ಕಕ್ಕೆ ಎಬ್ಬಿಸಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅಕ್ಕ ತಲೆಯಾಡಿಸಿದಳು. ಆಮೇಲೆ ಬಂದವರೆಲ್ಲ ಅದೇ ಮಾತು ಹೇಳಿದರು. ಅವರಿಗೂ ತಲೆಯಾಡಿಸಿದಳು. ಅಂದಿನಿಂದ ಮಧ್ಯಾಹ್ನದ ಕಾಫಿ ಕುಡಿಯುವುದನ್ನು ಬಿಟ್ಟಿದ್ದಾಳೆ.

ಅವರಿಗೆ ಮಕ್ಕಳಿಲ್ಲ. ಆ ಮನೆಯಲ್ಲಿ ಇವರಿಬ್ಬರನ್ನು ಬಿಟ್ಟರೆ ಇದ್ದದ್ದು ಹಾಲಿನ ಕಿಟಕಿಯ ಪಕ್ಕದ ಗಾಜಿನ ತೊಟ್ಟಿ. ಎರಡಡಿ ಉದ್ದದ್ದು. ಭಾವ ಕಾರ್ಖಾನೆಯಲ್ಲಿ ಕುಲುಮೆಯ ಬಿಸಿ ಎಷ್ಟಿದೆ ಎಂದು ನೋಡಿ ಬರೆದುಕೊಳ್ಳುವ ಕೆಲಸದಲ್ಲಿದ್ದವರು. ನಿವೃತ್ತಿಯಾದ ಮೇಲೂ ಬೆಳಿಗ್ಗೆ ಎದ್ದ ಕೂಡಲೇ ತೊಟ್ಟಿಗೆ ಅಂಟಿಸಿದ್ದ ಥರ್ಮಾಮೀಟರ್ ನೋಡಿ, ಆಮೇಲೆ ಹಲ್ಲುಜ್ಜಲು ಹೋಗುತ್ತಿದ್ದರು. ಏಂಜಲ್ ಅನ್ನುವ ತೆಳ್ಳಗಿನ, ಅಗಲ ರೆಕ್ಕೆಯ ಮೀನುಗಳು ಅವು. ಬಿಸಿ ಊರಿನವು. ನೀರು ಬೆಚ್ಚಗಿಡಲು ಒಳಗೆ ಗಾಜಿನ ಕೊಳವೆಯಂಥ ಹೀಟರ್ ಇತ್ತು.

ಆ ತೊಟ್ಟಿಯ ನೀರನ್ನು ಭಾವ ಯಾವತ್ತೂ ಪೂರ್ತಿ ತೆಗೆದವರಲ್ಲ. ವಾರಕ್ಕೊಮ್ಮೆ ಕಾಲುಭಾಗ ತೆಗೆದು, ಹಿಂದಿನ ದಿನ ಹಿಡಿದಿಟ್ಟ ಬಕೆಟ್ಟಿನ ನೀರನ್ನು ಮೆಲ್ಲಗೆ ಸುರಿಯುತ್ತಿದ್ದರು. ನಲ್ಲಿ ನೀರಿನಲ್ಲಿರುವ ಔಷಧಿ ಆರಬೇಕು, ಇಲ್ಲದಿದ್ದರೆ ಮೀನಿನ ಕಿವಿರು ಸುಟ್ಟುಹೋಗುತ್ತದೆ ಎನ್ನುತ್ತಿದ್ದರು. ಅಕ್ಕನಿಗೆ ಆ ಬಕೆಟ್ಟು ಕಂಡರಾಗದು. ನಮ್ಮ ಅಮ್ಮ ನಮ್ಮಿಬ್ಬರಿಗೂ ಕಲಿಸಿದ್ದು ಒಂದೇ: ರಾತ್ರಿ ಕಳೆದ ನೀರು ತಂಗಳು, ಬೆಳಿಗ್ಗೆ ಅದನ್ನು ಗಿಡಕ್ಕೆ ಹಾಕಿ ಹೊಸದು ತುಂಬಬೇಕು. ಅಕ್ಕ ಬೆಳಿಗ್ಗೆ ಅಭ್ಯಾಸಬಲದಿಂದ ಆ ಬಕೆಟ್ಟನ್ನೂ ದಾಸವಾಳದ ಬುಡಕ್ಕೆ ಚೆಲ್ಲಿಬಿಡುತ್ತಿದ್ದಳು. ಭಾವ ಖಾಲಿ ಬಕೆಟ್ಟು ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮದುವೆಯಾದಾಗಿನಿಂದ ಅವರಿಬ್ಬರು ಜೋರಾಗಿ ಜಗಳವಾಡಿದ್ದು ಅದೊಂದಕ್ಕೇ ಅನ್ನಿಸುತ್ತದೆ.

ನಮ್ಮಲ್ಲಿ ಸೂತಕ ಕಳೆಯುವ ದಿನ ಮನೆಯಲ್ಲಿ ಹಳೆಯ ನೀರು ಒಂದು ತೊಟ್ಟೂ ಉಳಿಯಬಾರದು. ಕೊಡ, ಹಂಡೆ, ಬಕೆಟ್ಟು, ಕುಡಿಯುವ ನೀರಿನ ಫಿಲ್ಟರು, ಎಲ್ಲ ಚೆಲ್ಲಿ, ತಿಕ್ಕಿ ತೊಳೆದು, ಹೊಸದಾಗಿ ತುಂಬಬೇಕು. ಭಾವನ ಶುದ್ಧದ ದಿನ ಹೆಂಗಸರೆಲ್ಲ ಸೇರಿ ಬೆಳಿಗ್ಗೆಯಿಂದ ಅದನ್ನೇ ಮಾಡುತ್ತಿದ್ದೆವು. ಅಕ್ಕನಿಗೆ ಯಾರೂ ಕೆಲಸ ಹೇಳಲಿಲ್ಲ. ಕೂತುಕೋ, ಕೂತುಕೋ ಎಂದರು. ಸುಮ್ಮನೆ ಕೂತು ಅಭ್ಯಾಸವಿಲ್ಲದವಳು. ಎಲ್ಲರೂ ಹಿತ್ತಲಲ್ಲಿ, ಅಡುಗೆಮನೆಯಲ್ಲಿ ಇದ್ದಾಗ ಎದ್ದು ಹೋಗಿ, ಟೀ ಸೋಸುವ ಜಾಲರಿಯಲ್ಲಿ ಮೀನುಗಳನ್ನು ಒಂದೊಂದಾಗಿ ಹಿಡಿದು ಹೊಸ ನೀರಿನ ಬಕೆಟ್ಟಿಗೆ ಬಿಟ್ಟು, ತೊಟ್ಟಿಯ ನೀರನ್ನೆಲ್ಲ ಮಗ್ಗಿನಲ್ಲಿ ಎತ್ತಿ ಎತ್ತಿ ಚೆಲ್ಲಿ, ಗಾಜನ್ನು ತೆಂಗಿನ ನಾರಿನಿಂದ ಉಜ್ಜಿದ್ದಾಳೆ. ಆಮೇಲೆ ನಲ್ಲಿಯಿಂದ ಹಿಡಿದ ತಣ್ಣೀರು ಸುರಿದಳು. ಹೀಟರಿನ ಸ್ವಿಚ್ಚು ಆರಿಸಿರಲಿಲ್ಲ. ಕಾದಿದ್ದ ಗಾಜು ಟಪ್ ಎಂದು ಸೀಳಿತು, ಮನೆಯ ಕರೆಂಟೆಲ್ಲ ಹೋಯಿತು. ಪುಣ್ಯಕ್ಕೆ ಅವಳ ಕೈ ನೀರಿನಲ್ಲಿರಲಿಲ್ಲ, ಅಷ್ಟೇ.

ನಾವು ಓಡಿಬಂದಾಗ ಅಕ್ಕ ಒದ್ದೆ ಸೆರಗಿನಲ್ಲಿ ನಿಂತು, "ಇದೊಂದು ನೀರು ಉಳಿದ್ಬಿಟ್ಟಿತ್ತು, ನೀವ್ಯಾರೂ ನೋಡ್ಲಿಲ್ಲ" ಎಂದಳು.

ಊಟದ ಎಲೆ ಹಾಕುವ ಹೊತ್ತಿಗೆ ಬಕೆಟ್ಟಿನಲ್ಲಿದ್ದ ಮೀನುಗಳು ಒಂದೊಂದಾಗಿ ಮಗ್ಗುಲಾಗಿ ತೇಲತೊಡಗಿದವು. ಮನೆ ಶುದ್ಧವಾದ ದಿನವೇ ಮತ್ತೆ ಸಾವಾಯಿತಲ್ಲ ಎಂದು ದೊಡ್ಡತ್ತೆಯೊಬ್ಬರಿಗೆ ಚಿಂತೆ. ಇನ್ನೊಂದು ಸಲ ಪುಣ್ಯಾಹ ಆಗಬೇಕೋ ಏನೋ ಎಂದು ಪುರೋಹಿತರನ್ನು ಕೇಳಿಯೂಬಿಟ್ಟರು. ಅವರು ಉತ್ತರೀಯ ಮಡಿಸುತ್ತ, "ಮೀನಿಗೆ ಗೋತ್ರ ಇಲ್ಲಮ್ಮ. ಎಲೆ ಹಾಕ್ಸಿ" ಎಂದರು. ಯಾರೋ ನಕ್ಕರು. ಅಕ್ಕ ತೊಟ್ಟಿಯ ಮುಂದೆಯೇ ನಿಂತಿದ್ದಳು. ಅಳಲಿಲ್ಲ. ಭಾವ ಹೋದ ದಿನವೂ ಅತ್ತಿರಲಿಲ್ಲ. ನನಗೂ ಅಳು ಬರಲಿಲ್ಲ. ನಾನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮೀನುಗಳನ್ನು ತೆಗೆದುಕೊಂಡು ಹೋಗಿ ದಾಸವಾಳದ ಬುಡದಲ್ಲಿ ಮಣ್ಣು ಮಾಡಿ, ಕೈ ತೊಳೆದುಕೊಂಡು, ಪಾಯಸ ಬಡಿಸಿದೆ.

ಮಾರನೆಯ ದಿನ ಅಕ್ಕ ನನ್ನ ಜೊತೆ ಗೋಪಾಳಕ್ಕೆ ಬಂದಳು. ಇಷ್ಟು ತಿಂಗಳೂ ನಮ್ಮನೆಯಲ್ಲೇ ಇದ್ದಳು. ಅವಳಿಂದ ನನಗೆ ಯಾವ ತೊಂದರೆಯೂ ಇಲ್ಲ. ತರಕಾರಿ ಹೆಚ್ಚುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಬಾಲ್ಕನಿಯ ತುಳಸಿ, ದೊಡ್ಡಪತ್ರೆಗೆ ನೀರು ಹಾಕುವ ಕೆಲಸ ಮಾತ್ರ ಒಪ್ಪಲಿಲ್ಲ. "ಅದು ನೀನೇ ಹಾಕು" ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ತಾನು ಮಲಗುತ್ತಿದ್ದಳು. ನಾನು ನೀರು ಕುಡಿಯಲು ಎದ್ದಾಗಲೆಲ್ಲ ಅವಳ ಕಣ್ಣು ತೆರೆದೇ ಇರುತ್ತಿದ್ದವು.

ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದಾಗ, ಈ ವರ್ಷ ನಮಗೆ ಹಬ್ಬವಿಲ್ಲದ್ದರಿಂದ ಅದನ್ನು ಹಬ್ಬ ಮಾಡುವವರ ಮನೆಗೆ ಕೊಡಲೆಂದು, ಅಕ್ಕ ಇದ್ದಕ್ಕಿದ್ದಂತೆ ತಾನು ಮನೆಗೆ ಹೋಗಬೇಕು ಎಂದಳು. ಹೋಗೋಣ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಆ ಖಾಲಿ ತೊಟ್ಟಿ ಎದುರಿಗಿಟ್ಟುಕೊಂಡು ಆ ಹಾಲಿನಲ್ಲಿ ಕೂರುವುದು ತನ್ನ ಕೈಲಾಗದು ಎಂದಳು. ಯಾರಿಗಾದರೂ ಕೊಟ್ಟುಬಿಡೋಣವೇ ಎಂದು ಕೇಳಿದೆ. ಅದೂ ಬೇಡ, ಅವರದ್ದು ಎಂದಳು. ಮತ್ತೆ ಕೊಬ್ಬರಿ ಹೆಚ್ಚಿದಳು. ಇಡೀ ಬಟ್ಟಲು ಮುಗಿಯಿತು.

"ಸಾಯದೇ ಇರೋ ಮೀನು ಯಾವ್ದಾದ್ರೂ ಇದ್ರೆ ನೋಡೆ" ಎಂದಳು. "ನನ್ನಂಥೋಳ ಕೈಗೆ ಸಿಕ್ರೂ ಸಾಯಬಾರ್ದು, ಅಂಥದ್ದು. ಇದ್ರೆ ಹೋಗ್ತೀನಿ. ಇಲ್ದಿದ್ರೆ ಇಲ್ಲೇ ಇರ್ತೀನಿ."

ಹೊಸ ಹೀಟರ್ ತರುವ ಮಾತೇ ಇರಲಿಲ್ಲ. ಅಕ್ಕ ಆ ವಸ್ತುವನ್ನು ಮುಟ್ಟುವುದಿಲ್ಲ, ನಮ್ಮನೆಯವರು ಮುಟ್ಟಲು ಬಿಡುವುದೂ ಇಲ್ಲ. ಆದ್ದರಿಂದ ನಾನು ಹುಡುಕಬೇಕಾದದ್ದು ನಮ್ಮ ಚಳಿಯ ತಣ್ಣೀರನ್ನು ಹಾಗೇ ತಡೆದುಕೊಳ್ಳುವ ಮೀನನ್ನು.

ನನಗೆ ಮೀನಿನ ಬಗ್ಗೆ ಏನೂ ಗೊತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಮೀನು ಬರುವುದು ಪಂಚಾಂಗದ ರಾಶಿಯ ಚಿತ್ರದಲ್ಲಿ ಮಾತ್ರ. ಭಾವನ ಥರ್ಮಾಮೀಟರ್ ಅಕ್ಕನ ಟ್ರಂಕಿನಲ್ಲಿತ್ತು. ಹಾಲಿನ ಮೂಲೆಯಲ್ಲಿ ಒಂದು ಬಕೆಟ್ಟು ನೀರಿಟ್ಟು ಅದನ್ನು ಅದರೊಳಗೆ ಇಳಿಬಿಟ್ಟೆ. ಬೆಳಿಗ್ಗೆ ಹಾಲು ಕಾಯಿಸಲು ಎದ್ದಾಗ ನೋಡುವುದು, ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ನೋಡುವುದು. ಬೆಳಿಗ್ಗೆ ಹದಿನೆಂಟರ ಆಸುಪಾಸು, ಮಧ್ಯಾಹ್ನ ಇಪ್ಪತ್ತೆರಡಕ್ಕೆ ಏರಿದರೆ ಹೆಚ್ಚು. ಭದ್ರಾವತಿಯ ಮನೆ ಕೆಳಗಿನ ಅಂತಸ್ತಿನದು, ಇನ್ನೊಂದು ಡಿಗ್ರಿ ಕಡಿಮೆಯೇ ಇರಬಹುದು ಎಂದು ಲೆಕ್ಕ ಹಾಕಿದೆ. ಬೇಸಿಗೆಯಲ್ಲಿ ಅದೇ ನೀರು ಮೂವತ್ತರ ಹತ್ತಿರ ಹೋಗುತ್ತದೆ. ಅಂದರೆ ಚಳಿ ತಡೆಯುವ ಮೀನಷ್ಟೇ ಸಾಲದು, ಎರಡನ್ನೂ ತಡೆಯಬೇಕು.

ಅಂಗಡಿಗೆ ಮೊದಲ ಸಲ ಹೋದಾಗ ಅಂಗಡಿಯವನು ಮಾತು ಮುಗಿಯುವ ಮೊದಲೇ ಗೋಲ್ಡ್ ಫಿಶ್ ತೋರಿಸಿದ. ಹೀಟರ್ ಬೇಡ ಅಂದರೆ ಇದೇ, ಬೇರೆ ಯೋಚನೆಯೇ ಬೇಡ ಎಂದ. ದಪ್ಪ ಹೊಟ್ಟೆಯ, ಕೆಂಪು ಕಿತ್ತಳೆ ಮೀನುಗಳು ಬಾಯಿ ಪಟಪಟ ಮಾಡುತ್ತಿದ್ದವು. ಚೆನ್ನಾಗಿದ್ದವು. ಆದರೆ ಭಾವ ಅವುಗಳನ್ನು ಯಾವತ್ತೂ ತರಲಿಲ್ಲ ಎನ್ನುವುದು ನೆನಪಿತ್ತು. ಒಂದು ಸಲ ನಾನೇ ಕೇಳಿದ್ದಕ್ಕೆ, ಅವು ಗೇಣುದ್ದ ಬೆಳೆಯುವ ಜಾತಿ, ಕೊಳದಲ್ಲಿರಬೇಕಾದವು, ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ, ಎರಡಡಿಯ ತೊಟ್ಟಿಯಲ್ಲಿ ತಮ್ಮ ಗಲೀಜಿನಲ್ಲಿ ತಾವೇ ಉಸಿರುಕಟ್ಟಿ ಹೋಗುತ್ತವೆ ಎಂದಿದ್ದರು. ಅದನ್ನೇ ಹೇಳಿದೆ. ಅಂಗಡಿಯವನು ಅಲ್ಲಗಳೆಯಲಿಲ್ಲ. "ಎಲ್ರೂ ಹಾಕೊಂಡಿದಾರೆ ಮೇಡಂ" ಎಂದಷ್ಟೇ ಹೇಳಿದ.

ಆಮೇಲೆ ಫೈಟರ್ ಎನ್ನುವ ಮೀನು ತೋರಿಸಿದ. ಒಂದೊಂದು ಬಾಟಲಿಯಲ್ಲಿ ಒಂದೊಂದು, ನೀಲಿ ರೇಷ್ಮೆಯ ಸೆರಗಿನಂಥ ಬಾಲ. ಒಬ್ಬರೇ ಇರುವವರು ಇದನ್ನೇ ತೆಗೆದುಕೊಳ್ಳುತ್ತಾರಂತೆ, ಇದಕ್ಕೂ ಜೊತೆ ಬೇಕಾಗಿಲ್ಲವಂತೆ. ನಾನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದು ಅಕ್ಕನಿಗೆ ತೋರಿಸಿದೆ. "ಒಂಟಿ ಮೀನು ಬೇಡ" ಎಂದಳು. ಬೇಡ ಎಂದದ್ದು ಒಳ್ಳೆಯದೇ ಆಯಿತು. ಓದಿ ನೋಡಿದರೆ ಅದಕ್ಕೂ ಬೆಚ್ಚನೆಯ ನೀರೇ ಬೇಕಂತೆ.

ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಓದುವುದು, ವೀಡಿಯೋ ನೋಡುವುದು, ಹೀಗೆ ಸುಮಾರು ದಿನ ನಡೆಯಿತು. ವೈಟ್ ಕ್ಲೌಡ್ ಎನ್ನುವ ಪುಟ್ಟ ಮೀನು ತಣ್ಣೀರಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಅದಕ್ಕೆ ನಮ್ಮ ಬೇಸಿಗೆ ಆಗಿಬರುವುದಿಲ್ಲ. ಅಂಗಡಿಯವನೂ ಅದು ಈ ಕಡೆ ಬರುವುದೇ ಅಪರೂಪ ಎಂದ. ರೋಸಿ ಬಾರ್ಬ್ ಎನ್ನುವುದು ನಮ್ಮ ದೇಶದ್ದೇ, ಗಟ್ಟಿ. ಅದು ಗಿಡದ ಎಲೆಯನ್ನೆಲ್ಲ ಕಿತ್ತು ತಿನ್ನುತ್ತದಂತೆ. ತೊಟ್ಟಿಯಲ್ಲಿ ಗಿಡ ಬೋಳಾಗುವುದನ್ನು ಅಕ್ಕ ನೋಡುವುದು ಬೇಡ ಅನ್ನಿಸಿತು. ನಮ್ಮನೆಯವರು ಪಕ್ಕದಲ್ಲಿ ಹೊದ್ದು ಮಲಗಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ಒಂದು ಮೀನಿಗೆ ಇಷ್ಟು ವಿಚಾರಿಸ್ತೀಯಲ್ಲ ಮಾರಾಯ್ತಿ. ನನ್ನನ್ನ ನೋಡೋಕೆ ಬಂದಾಗ ನಿಮ್ಮಪ್ಪ ಇದರ ಅರ್ಧನೂ ವಿಚಾರಿಸ್ಲಿಲ್ಲ" ಎಂದರು. ವಿಚಾರಿಸಿದ್ದರೆ ನಿಮ್ಮ ಗೊರಕೆಯ ವಿಷಯ ಮೊದಲೇ ಗೊತ್ತಾಗುತ್ತಿತ್ತು ಎಂದೆ. ಗೋಡೆಯ ಆಚೆಯ ಕೋಣೆಯಲ್ಲಿ ಅಕ್ಕ ಎಚ್ಚರವಾಗಿದ್ದಳು, ಕೇಳಿಸಿರಬೇಕು.

ಕೊನೆಗೆ ಉಳಿದದ್ದು ಜೀಬ್ರಾ ಮೀನು. ಕಿರುಬೆರಳಿನಷ್ಟೂ ಇಲ್ಲ. ಬೆಳ್ಳಿಯ ಮೈಮೇಲೆ ತಲೆಯಿಂದ ಬಾಲದವರೆಗೆ ಎಳೆದ ನೀಲಿ ಗೆರೆ, ಹಳೆಯ ಹತ್ತಿ ಟವೆಲಿನ ಅಂಚಿನ ಹಾಗೆ. ನಮ್ಮ ದೇಶದ ಹಳ್ಳ, ಗದ್ದೆಯ ನೀರಿನಲ್ಲಿ ಓಡಾಡಿಕೊಂಡಿರುವ ಜಾತಿ. ಚಳಿಗೂ ಸೈ, ಸೆಕೆಗೂ ಸೈ. ಗುಂಪಿನಲ್ಲಿ ಇರಬೇಕು, ಐದಾರಕ್ಕಿಂತ ಕಡಿಮೆ ಇದ್ದರೆ ಹೆದರಿಕೊಳ್ಳುತ್ತವೆ. ಹಾರುವ ಸ್ವಭಾವ, ಆದ್ದರಿಂದ ಮುಚ್ಚಳ ಬೇಕು. ಭಾವನ ತೊಟ್ಟಿಗೆ ಮುಚ್ಚಳ ಇತ್ತು. ನೀರಿಗೆ ಗಾಳಿ ಕೊಡುವ ಫಿಲ್ಟರೂ ಇತ್ತು, ಕೆಟ್ಟಿರಲಿಲ್ಲ. ಅಂಗಡಿಯಲ್ಲಿ ಅದೇ ಮೀನು ಕಣ್ಣು ಕುಕ್ಕುವ ಕೆಂಪು, ಹಸಿರು ಬಣ್ಣದಲ್ಲೂ ಇತ್ತು, ಅದನ್ನು ತೆಗೆದುಕೊಳ್ಳಲಿಲ್ಲ. ಅಕ್ಕನಿಗೆ ಫೋಟೋ ತೋರಿಸಿದಾಗ ಬಹಳ ಹೊತ್ತು ನೋಡಿ, "ಸಾಯಲ್ವಾ?" ಎಂದು ಕೇಳಿದಳು.

ಗಟ್ಟಿ ಮೀನು ಅಂತ ಎಲ್ಲರೂ ಹೇಳುತ್ತಾರೆ ಎಂದೆ. ಸಾಯುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಅಕ್ಕ ಫೋನ್ ವಾಪಸು ಕೊಟ್ಟು, ಸರಿ ಎಂದಳು.

ಹೋದ ವಾರ ನಾನೊಬ್ಬಳೇ ಭದ್ರಾವತಿಗೆ ಬಂದು ತೊಟ್ಟಿ ತೊಳೆದು, ಮರಳು ಹಾಸಿ, ನೀರು ತುಂಬಿ, ಫಿಲ್ಟರ್ ಹಾಕಿ, ಎದುರು ಮನೆಯವರ ಹತ್ತಿರ ಕೀ ಕೊಟ್ಟು ಹೋಗಿದ್ದೆ. ಎದುರು ಮನೆಯ ಹೆಂಗಸು ತಮಿಳಿನವರು, ಕಾರ್ಖಾನೆಗೆ ಬಂದು ನೆಲೆನಿಂತ ಮನೆತನ. ಅಕ್ಕನನ್ನು ಮಾಮಿ ಎನ್ನುತ್ತಾರೆ. ದಿನಕ್ಕೊಮ್ಮೆ ಬಾಗಿಲು ತೆಗೆದು ಫಿಲ್ಟರ್ ಓಡುತ್ತಿದೆಯೇ ನೋಡಿ ಎಂದು ಕೇಳಿಕೊಂಡಿದ್ದೆ.

ಇವತ್ತು ಬೆಳಿಗ್ಗೆ ಅಂಗಡಿಯವನು ಆರು ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತುಂಬಿ ಕಟ್ಟಿಕೊಟ್ಟ. ಅದನ್ನು ಹಳೆಯ ಉಲ್ಲನ್ ಟೋಪಿಯೊಳಗೆ ಇಳಿಸಿ, ಟೋಪಿಯನ್ನು ವೈರಿನ ಬುಟ್ಟಿಯಲ್ಲಿ ಇಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೆ. ಅಕ್ಕ ಕಿಟಕಿಯ ಪಕ್ಕ ಕೂತಳು. ಕಂಡಕ್ಟರ್ ನಮ್ಮಿಬ್ಬರ ಆಧಾರ್ ನೋಡಿ, ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟು, ಬುಟ್ಟಿಗೆ ಬಗ್ಗಿ ನೋಡಿದ. "ಗಂಡೋ ಹೆಣ್ಣೋ ಅಮ್ಮ? ಹೆಣ್ಣಾದ್ರೆ ಫ್ರೀ. ಗಂಡಿದ್ರೆ ಟಿಕೆಟ್ ಆಗ್ತದೆ." ಹಿಂದಿನ ಸೀಟಿನವರು ನಕ್ಕರು. ನನಗೂ ನಗು ಬಂತು. ಅಕ್ಕ ಮಾತ್ರ ಗಂಭೀರವಾಗಿ ನನ್ನ ಕಡೆ ತಿರುಗಿ, ಯಾವುದು ಎಂದು ಕೇಳಿದೆಯಾ ಎಂದಳು. ಕೇಳಿಲ್ಲ ಎಂದೆ. ಮತ್ತೆ ಕಿಟಕಿಯ ಆಚೆ ನೋಡಿದಳು. ಮಧ್ಯೆ ಒಂದು ಸಲ ಬಸ್ಸು ಜೋರಾಗಿ ಬ್ರೇಕ್ ಹಾಕಿದಾಗ ಅವಳ ಕೈ ತಾನಾಗಿ ಬುಟ್ಟಿಯ ಮೇಲೆ ಬಂತು. ಬಸ್ಸು ಹೊರಟ ಮೇಲೆ ಕೈ ತೆಗೆದಳು.

ಮನೆಯ ಬಾಗಿಲು ತೆಗೆದಾಗ ಎದುರು ಮನೆಯವರು ಹಿಂದೆಯೇ ಬಂದರು. "ವಾಂಗೋ ಮಾಮಿ. ಮೋಟ್ರು ಓಡ್ತಾ ಇದೆ, ಲೈಟು ಇದೆ, ನೀರಿದೆ, ಮೀನೇ ಇಲ್ಲ. ದಿನಾ ಬಂದು ಬರೀ ನೀರನ್ನೇ ನೋಡ್ಬಿಟ್ಟು ಹೋದೆ. ನಮ್ಮ ಯಜಮಾನ್ರು ಕೇಳ್ತಾರೆ, ಅಲ್ಲಿ ಏನ್ ಸಿನಿಮಾ ನಡೀತಾ ಇದೆ ಅಂತ." ಬುಟ್ಟಿಯಲ್ಲಿದ್ದ ಮೀನು ನೋಡಿ, ಇಷ್ಟು ಚಿಕ್ಕದೇ, ತಮ್ಮ ಮನೆಗೆ ಬಂದಿದ್ದರೆ ಒಂದು ತುತ್ತಿಗೂ ಸಾಲುತ್ತಿರಲಿಲ್ಲ ಎಂದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ಅಕ್ಕನ ಮುಖ ನೋಡಿದರು. ಅಕ್ಕ, "ಅದಕ್ಕೇ ಚಿಕ್ಕದು ತಂದಿದ್ದು" ಎಂದಳು. ತಿಂಗಳುಗಳಲ್ಲಿ ಅಕ್ಕ ಆಡಿದ ಮೊದಲ ತಮಾಷೆ ಅದು. ಅವಳಿಗೆ ಅದು ತಮಾಷೆ ಎಂದು ಗೊತ್ತಿತ್ತೋ ಇಲ್ಲವೋ ಹೇಳಲಾರೆ.

ಚೀಲವನ್ನು ಬಿಚ್ಚದೆ ಹಾಗೇ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟೆ. ಒಳಗಿನ ನೀರು, ಹೊರಗಿನ ನೀರು ಒಂದೇ ಹದಕ್ಕೆ ತಣ್ಣಗಾಗಬೇಕು. ಆಮೇಲೆ ಚೀಲದ ಬಾಯಿ ಬಿಚ್ಚಿ, ತೊಟ್ಟಿಯ ನೀರನ್ನು ಒಂದೊಂದು ಲೋಟ ಅದಕ್ಕೆ ಸೇರಿಸುತ್ತ ಹೋದೆ. ಅಕ್ಕ ದಿವಾನದ ಮೇಲೆ ಕೂತು ನೋಡುತ್ತಿದ್ದಳು. ಆ ಲೋಟ ಹಿಡಿಯುತ್ತೀಯಾ ಎಂದು ಕೇಳಿದೆ. ಬೇಡ, ನಾನು ಮುಟ್ಟುವುದಿಲ್ಲ ಎಂದಳು. ಮೀನುಗಳನ್ನು ಬಿಟ್ಟೆ. ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತವು. ನಾವು ಚಿತ್ರಾನ್ನ ಉಂಡೆವು. ಮನೆಯಲ್ಲಿ ಮುಚ್ಚಿಟ್ಟ ಕಪಾಟಿನ ವಾಸನೆ ಇತ್ತು. ನಾನು ಕಿಟಕಿಗಳನ್ನು ತೆಗೆದು, ನೆಲ ಒರೆಸಿ, ಬೆಡ್‌ಶೀಟ್ ಬದಲಾಯಿಸಿದೆ. ಅಕ್ಕ ದೇವರ ಮುಂದೆ ಇದ್ದ ಒಣ ಹೂ ತೆಗೆದಳು. ಆಮೇಲೆ ಒಳಗಿನ ಕೋಣೆಗೆ ಹೋಗಿ ಬ್ಯಾಗಿನಲ್ಲಿದ್ದ ಬಟ್ಟೆಗಳನ್ನು ಮಂಚದ ಮೇಲೆ ಇಟ್ಟಳು. ಬೀರುವಿಗೆ ಇಡಲಿಲ್ಲ.

ಮಧ್ಯಾಹ್ನ ತೊಟ್ಟಿಯ ಹತ್ತಿರ ಹೋದಾಗ ಐದು ಮೀನು ನೀರಿನ ನಡುವೆ ಅತ್ತಿಂದಿತ್ತ ಓಡಾಡುತ್ತಿದ್ದವು. ಇನ್ನೊಂದನ್ನು ಹುಡುಕಿದೆ. ಕಲ್ಲಿನ ಹಿಂದೆ, ಮರಳಿನ ಮೇಲೆ, ಮಗ್ಗುಲಾಗಿ ಬಿದ್ದಿತ್ತು. ಬಾಯಿ ತೆರೆದಿತ್ತು. ಜಾಲರಿಯಿಂದ ತಟ್ಟಿದರೆ ಮೇಲಕ್ಕೆ ಬಂದು ಮತ್ತೆ ಕೆಳಗಿಳಿಯಿತು.

ಅಕ್ಕ ಕೋಣೆಯಲ್ಲಿದ್ದಳು. ಬಟ್ಟೆ ಇನ್ನೂ ಮಂಚದ ಮೇಲಿದ್ದವು. ಸಂಜೆಯ ಬಸ್ಸಿಗೆ ಇಬ್ಬರೂ ವಾಪಸು ಹೋಗುವುದೇ ಎಂದು ನನಗೆ ಖಚಿತವಾಯಿತು. ಏನೂ ಅನ್ನಿಸಲಿಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ತೆಗೆದುಕೊಳ್ಳಲು ನಮ್ಮನೆಯವರು ಮನೆಯಲ್ಲಿರುತ್ತಾರೋ ಇಲ್ಲವೋ ಎಂದು ಯೋಚಿಸಿದ್ದು ನೆನಪಿದೆ. ಮೀನನ್ನು ಜಾಲರಿಯಲ್ಲಿ ಎತ್ತಿ, ಅಂಗೈಗೆ ಹಾಕಿಕೊಂಡು, ಸೆರಗು ಮುಚ್ಚಿ, ಹಿತ್ತಲ ಬಾಗಿಲ ಕಡೆ ಹೊರಟೆ. ಕೈಯಲ್ಲಿ ಅದರ ತೂಕವೇ ಇರಲಿಲ್ಲ. ಒಂದು ಒದ್ದೆ ಎಲೆಯಷ್ಟು.

ಹಿತ್ತಲ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಯಾವಾಗ ಬಂದಳೋ.

"ಎಷ್ಟು ಹೋಯ್ತು?" ಎಂದಳು.

"ಒಂದು."

ಕೈ ಚಾಚಿದಳು. ಸೆರಗು ಸರಿಸಿ ತೋರಿಸಿದೆ. ಮುಟ್ಟದೆ ಬಗ್ಗಿ ನೋಡಿದಳು. ಬೆಳ್ಳಿ, ನೀಲಿ ಗೆರೆ, ಕಣ್ಣು. ಹಾಗೆ ಬಗ್ಗಿಯೇ ಕೇಳಿದಳು:

"ನಾನು ಬೆಳಿಗ್ಗೆಯಿಂದ ಅದರ ಹತ್ರ ಹೋಗಿದ್ದೀನಾ?"

"ಇಲ್ಲ."

"ನೀರು ಮುಟ್ಟಿದ್ದೀನಾ?"

"ಇಲ್ಲ ಅಕ್ಕ. ಎಲ್ಲ ನಾನೇ ಮಾಡಿದ್ದು."

"ನೀನು ಸರಿಯಾಗೇ ಮಾಡ್ದೆ. ನಾನು ನೋಡ್ತಾ ಇದ್ನಲ್ಲ. ಲೋಟ ಲೋಟ ಹಾಕ್ದೆ." ಮತ್ತೊಮ್ಮೆ ಮೀನನ್ನು ನೋಡಿದಳು. "ಹಂಗಾದ್ರೆ ಇದು ತಾನಾಗೇ ಹೋಗಿದ್ದು."

ಹೌದು ಎಂದೆ.

"ಎಬ್ಬಿಸಿದ್ರೂ ಹೋಗ್ತಿತ್ತು" ಎಂದಳು.

ಅವಳು ನನ್ನ ಕೈಯಿಂದ ಮೀನು ತೆಗೆದುಕೊಂಡು, ಮೆಟ್ಟಿಲಿಳಿದು, ದಾಸವಾಳದ ಬುಡದಲ್ಲಿ ಸವಟಿನ ಹಿಡಿಯಿಂದ ಒಂದು ಗುಳಿ ಮಾಡಿ ಅದರಲ್ಲಿಟ್ಟು ಮಣ್ಣು ಮುಚ್ಚಿದಳು. ಮಗ್ಗಿನಲ್ಲಿ ನೀರು ತಂದು ಗಿಡಕ್ಕೆ ಹಾಕಿದಳು. ಅಳಲಿಲ್ಲ. ಕೈ ತೊಳೆದುಕೊಂಡು ಒಳಗೆ ಬಂದು ತೊಟ್ಟಿಯ ಮುಂದೆ ನಿಂತು ಉಳಿದವನ್ನು ಎಣಿಸಿದಳು. ಓಡಾಡುತ್ತಿದ್ದರಿಂದ ಲೆಕ್ಕ ಸಿಗದೆ ಮತ್ತೆ ಎಣಿಸಿದಳು.

ನಾಲ್ಕು ಗಂಟೆಗೆ ಕಾಫಿ ಮಾಡಿದಳು. ಒಂದೇ ಲೋಟ, ನನಗೆ. ತಾನು ಕುಡಿಯಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಪುಡಿ ಹಳೆಯದು, ಘಮ ಹೋಗಿತ್ತು.

ಸಂಜೆ ನಲ್ಲಿಯಲ್ಲಿ ನೀರು ಬಂತು. ಅಕ್ಕ ಕೊಡಪಾನ ತುಂಬಿದಳು, ಹಂಡೆ ತುಂಬಿದಳು, ಬಚ್ಚಲಿನ ಬಕೆಟ್ಟು ತುಂಬಿದಳು. ಆಮೇಲೆ ಅಟ್ಟದಿಂದ ಭಾವನ ಹಸಿರು ಬಕೆಟ್ಟು ಇಳಿಸಿ, ಜೇಡರ ಬಲೆ ಒರೆಸಿ, ಅದನ್ನೂ ತುಂಬಿ, ಹಾಲಿಗೆ ತಂದು ತೊಟ್ಟಿಯ ಕೆಳಗಿಟ್ಟು, ಒಂದು ಊಟದ ತಟ್ಟೆ ಮುಚ್ಚಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

"ಬೆಳಿಗ್ಗೆ ಎದ್ದವಳು ಇದನ್ನ ಗಿಡಕ್ಕೆ ಹುಯ್ದುಬಿಟ್ಟೀಯ" ಎಂದಳು. "ಇದು ಇಲ್ಲೇ ಇರ್ಲಿ. ಹಳೇದಾಗ್ಬೇಕು."

ಆಯಿತು ಎಂದೆ. ಮಂಚದ ಮೇಲಿದ್ದ ಬಟ್ಟೆಗಳನ್ನು ಬೀರುವಿಗೆ ಇಟ್ಟಳು. ನಾಳೆ ನೀನು ಹೋಗು, ಅವರೊಬ್ಬರೇ ಇದ್ದಾರೆ ಎಂದಳು. ಫೋನು ಮಾಡಿದಾಗ ನಮ್ಮನೆಯವರು ಸಿಲಿಂಡರ್ ಇನ್ನೂ ಬಂದಿಲ್ಲ ಎಂದರು. ಸಾರು ಬಿಸಿ ಮಾಡಿಕೊಳ್ಳುವುದನ್ನು ಮರೆತು ತಣ್ಣಗೇ ಕಲಸಿಕೊಂಡರಂತೆ.

ರಾತ್ರಿ ಅನ್ನ, ತೊಗರಿಬೇಳೆಯ ತೊವ್ವೆ, ಎದುರು ಮನೆಯವರು ಕೊಟ್ಟ ನಿಂಬೆಕಾಯಿ ಉಪ್ಪಿನಕಾಯಿ, ಒಲೆಯ ಮೇಲೆ ಸುಟ್ಟ ಹಪ್ಪಳ. ಮೊಸರಿಲ್ಲದ್ದರಿಂದ ಹಾಲನ್ನದಲ್ಲಿ ಮುಗಿಸಿದೆವು. ಮೀನಿಗೆ ಒಂದು ಚಿಟಿಕೆ ಆಹಾರವನ್ನು ಅಕ್ಕನೇ ಹಾಕಿದಳು, ಜಾಸ್ತಿ ಆಯಿತೇನೋ ಎಂದು ನನ್ನ ಕಡೆ ನೋಡಿದಳು. ಇಲ್ಲ ಎಂದೆ. ತೊಟ್ಟಿಯ ದೀಪ ಆರಿಸಿ, ಹಾಲಿನಲ್ಲೇ ಹಾಸಿಗೆ ಹಾಸಿಕೊಂಡೆವು. ನಾನು ಉಳಿದ ತೊವ್ವೆಯನ್ನು ಚಿಕ್ಕ ಪಾತ್ರೆಗೆ ಬಗ್ಗಿಸಿ, ಒಲೆ ಒರೆಸಿ, ಹಿತ್ತಲ ಬಾಗಿಲ ಚಿಲಕ ಹಾಕಿ ಬರುವಷ್ಟರಲ್ಲಿ ಅಕ್ಕನಿಗೆ ನಿದ್ದೆ ಬಂದಿತ್ತು.